ಹಿಮದ ಜಾರು, ಎರೆಯ ಜಾರು

ವಿಜಯಪುರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹಿಮವೆಂಬುದು ಚಿತ್ರಪಟದಲ್ಲಿ ಕಂಡ ವಸ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಂದರೆ ಸಾಕೆಂದು ಮುಗಿಲು ನೋಡುವ ನಾಡಿನಲ್ಲಿ, ಹಿಮದ ಮೇಲೆ ಮೋಟಾರು ನಡೆಸುವ ಮಾತೆತ್ತಿದರೆ ಕೇಳುಗರು ನಕ್ಕಾರು. ಆದರೂ ಇಂದು ಆ ಮಾತನ್ನೇ ಎತ್ತಿಕೊಂಡಿದ್ದೇನೆ, ಅದಕ್ಕೊಂದು ಕಾರಣವುಂಟು.

ನನ್ನ ಅಣ್ಣನ ಮಗ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನೆಲೆಸಿದ್ದಾನೆ. ಬೇಸಿಗೆಯಲ್ಲಿ ಅವನೊಂದು ಸ್ಪೋರ್ಟ್ಸ್ ಕಾರು ಕೊಂಡ. ಇಬ್ಬರೇ ಕೂಡಬಹುದಾದ, ನೆಲಕ್ಕೆ ತಗ್ಗಿದ, ಬಲವಾದ ಎಂಜಿನಿನ ಕಾರು. ಎಂಜಿನು ಮುಂದಿದ್ದರೂ ಅದರ ಬಲವೆಲ್ಲ ಸಲ್ಲುವುದು ಹಿಂದಿನ ಗಾಲಿಗಳಿಗೆ. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನ ಅವನಿಂದ ದೂರವಾಣಿ ಕರೆ ಬಂತು. “ಕಾಕಾ, ತಿರುವಿನ್ಯಾಗ ಗಾಡಿ ಹಿಂಭಾಗ ಓಡಿ ಮುಂದ ಬಂದ್ಬಿಡ್ತು. ಬಾಜೂಕ ನಿಮ್ಮ ಸೊಸಿ ಕುಂತಿದ್ಲು. ಇದನ್ನ ಮಾರಿಬಿಡ್ಲೇನು?” ಅವನ ದನಿ ನಡುಗುತ್ತಿತ್ತು.

ನಾನು ಹಿಮ ಕಂಡವನಲ್ಲ. ಆದರೆ ಬಬಲೇಶ್ವರದ ನಮ್ಮ ಹೊಲದಲ್ಲಿ ಅವನಿಗೆ ಟ್ರ್ಯಾಕ್ಟರ್ ಕಲಿಸಿದವನು ನಾನು. “ಮಳಿ ಆದಾಗ ಎರಿ ದಾರ್ಯಾಗ ಟ್ರ್ಯಾಕ್ಟರ್ ಹ್ಯಾಂಗ ಹೊಡೀತಿದ್ದಿ, ಅದನ್ನ ಮೊದಲ ನೆನಪು ಮಾಡಿಕೋ” ಎಂದೆ. ಹಾಗೆ ಹೇಳಿದ್ದೇಕೆ ಎಂಬುದೇ ಈ ಭಾಷಣದ ವಿಷಯ.

ಎಷ್ಟೇ ದೊಡ್ಡ ಕಾರಾಗಲಿ, ಅದರ ಒಂದೊಂದು ಗಾಲಿ ನೆಲವನ್ನು ಮುಟ್ಟುವುದು ಅಂಗೈಯಗಲದ ಜಾಗದಲ್ಲಿ. ಆ ಅಂಗೈಯಗಲದ ಹಿಡಿತ ಮೂರು ಕೆಲಸ ಮಾಡಬೇಕು. ಗಾಡಿಯನ್ನು ಮುಂದಕ್ಕೆ ನೂಕಬೇಕು, ಬೇಕಾದಾಗ ತಡೆಯಬೇಕು, ತಿರುವಿನಲ್ಲಿ ದಾರಿ ಬಿಡದಂತೆ ಹಿಡಿದಿಡಬೇಕು. ಹಿಡಿತವೆಂಬುದು ಹಗೇವಿನಲ್ಲಿಟ್ಟ ಜೋಳದಂತೆ. ಒಣಗಿದ ಡಾಂಬರಿನ ಮೇಲೆ ಹಗೇವು ತುಂಬಿರುತ್ತದೆ. ಹೇಗೆ ಖರ್ಚು ಮಾಡಿದರೂ ಕೊರತೆ ಕಾಣದು. ಹಿಮದ ಮೇಲೆ, ಹಸಿ ಎರೆಯ ಮೇಲೆ, ಅದು ಬರಗಾಲದ ಹಗೇವು. ನೂಕುವುದಕ್ಕೇ ಎಲ್ಲವನ್ನೂ ತೆಗೆದುಬಿಟ್ಟರೆ ತಿರುಗುವುದಕ್ಕೆ ಒಂದು ಕಾಳೂ ಉಳಿಯುವುದಿಲ್ಲ.

ಲೆಕ್ಕದಲ್ಲಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಣ ಡಾಂಬರಿನ ಮೇಲೆ, ಬ್ರೇಕು ಒತ್ತಿದ ಮೇಲೆ, ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದಕ್ಕೆ 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟೀತು. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಜಾರುವ ನೆಲದ ಮೊದಲ ಪಾಠವೆಂದರೆ ವೇಗ ತಗ್ಗಿಸುವುದು, ಅದೂ ತಿರುವಿಗೆ ಬರುವ ಮೊದಲೇ ತಗ್ಗಿಸುವುದು.

ಹಿಂದಿನ ಗಾಲಿ ನೂಕುವ ಗಾಡಿಯ ಸ್ವಭಾವವೇ ಬೇರೆ. ಬಲ ಹೆಚ್ಚಾಗಿ ಆ ಗಾಲಿ ನಿಂತಲ್ಲೇ ಗಿರಗಿರನೆ ತಿರುಗತೊಡಗಿದರೆ, ನೂಕುವ ಶಕ್ತಿಯೊಡನೆ ಪಕ್ಕಕ್ಕೆ ಜಾರದಂತೆ ತಡೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಆಗ ಗಾಡಿಯ ಬಾಲ ಹೊರಕ್ಕೆ ಬೀಸುತ್ತದೆ. ಮುಂದಿನ ಗಾಲಿ ಎಳೆಯುವ ಕಾರಾದರೆ ಬಾಲ ಬೀಸದೆ, ಮೂಗು ತಿರುಗದೆ, ನೆಟ್ಟಗೆ ಹೊರಕ್ಕೆ ಸಾಗುತ್ತದೆ. ಎರಡೂ ಅಪಾಯವೇ, ಆದರೆ ಬಾಲ ಬೀಸುವ ಅಪಾಯ ಕ್ಷಣಮಾತ್ರದಲ್ಲಿ ಎರಗುವಂಥದು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. 1986ರ ಸೆಪ್ಟೆಂಬರಿನ ಒಂದು ಸಂಜೆ, ಜ್ವರದಿಂದ ಮೈಮರೆತ ತಂದೆಯವರನ್ನು ಅಂಬಾಸಡರ್ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಹೊರಟಿದ್ದೆ. ಹೊಲದ ಮನೆಯಿಂದ ಹಿರಿದಾರಿಗೆ ಸೇರುವವರೆಗೆ ಎರೆಯ ದಾರಿ. ಆಗಷ್ಟೇ ತುಂತುರು ಬಿದ್ದಿತ್ತು. ಅವಸರದಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದೆ; ಹಿಂಭಾಗ ಬೀಸಿತು. ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿದೆ. ನಾಲ್ಕೂ ಗಾಲಿಗಳು ಕಚ್ಚಿ ನಿಂತವು, ಕಾರು ಮಾತ್ರ ನಿಲ್ಲಲಿಲ್ಲ. ಜಾರಿ ತಗ್ಗಿಗೆ ಇಳಿಯಿತು. ಪಕ್ಕದ ಹೊಲದವರು ಎತ್ತು ಹೂಡಿ ಎಳೆದು ಮೇಲೆ ತರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಆ ಎರಡು ಗಂಟೆಗಳನ್ನು ನಾನು ಈವರೆಗೂ ಮರೆತಿಲ್ಲ. ತಂದೆಯವರು ಒಮ್ಮೆ ಕಣ್ಣು ತೆರೆದು, “ಎತ್ತು ಜಾರಿದಾಗ ಹಗ್ಗ ಜಗ್ಗಬಾರದಪಾ” ಎಂದರು. ಅವರು ಗುಣವಾಗಿ ಮನೆಗೆ ಬಂದರು. ಮಾತು ನನ್ನಲ್ಲಿ ಉಳಿಯಿತು.

ಕಾರು ಸೋತಲ್ಲಿ ಎತ್ತುಗಳು ಗೆದ್ದುದೇಕೆ? ಚಕ್ಕಡಿಯ ಗಾಲಿ ಭಾರ ಹೊರುತ್ತದೆ, ಉರುಳುತ್ತದೆ. ನೂಕುವ ಹೊಣೆ ಅದಕ್ಕಿಲ್ಲ. ಆ ಹೊಣೆ ನೆಲಕ್ಕೆ ಊರಿ ನಿಲ್ಲುವ ಗೊರಸುಗಳದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ವಿಜಯಪುರದ ಕೋಟೆಗೆ ಬಂದದ್ದು 400 ಎತ್ತುಗಳ, 10 ಆನೆಗಳ ಬಲದಿಂದ ಎಂದು ಹೇಳುತ್ತಾರೆ. ಮೋಟಾರಿನಲ್ಲಿ ಗಾಲಿಯೇ ಗೊರಸು. ಅದನ್ನು ಊರಿಸುವುದು ಅದರ ಮೇಲಿನ ಭಾರ. ಟ್ರ್ಯಾಕ್ಟರಿನ ತೂಕದ ಬಹುಪಾಲು ಹಿಂದಿನ ದೊಡ್ಡ ಗಾಲಿಗಳ ಮೇಲಿರುವುದೂ, ಕೆಲವರು ಅವುಗಳ ಟ್ಯೂಬಿನಲ್ಲಿ ನೀರು ತುಂಬಿಸುವುದೂ ಇದಕ್ಕಾಗಿಯೇ. ಹಿಮದ ನಾಡಿನಲ್ಲಿಯೂ ಹಿಂದಿನ ಗಾಲಿ ನೂಕುವ ಗಾಡಿಯ ಡಿಕ್ಕಿಯಲ್ಲಿ ಉಸುಕಿನ ಚೀಲಗಳನ್ನಿಡುವ ರೂಢಿಯುಂಟು.

ಇನ್ನು ನಡೆಸುವ ಕ್ರಮ. ಹೊರಡುವಾಗ ಎರಡನೆಯ ಗಿಯರಿನಲ್ಲಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಹೊರಡಬೇಕು. ಬಾಲ ಬೀಸಿದರೆ ಬ್ರೇಕು ತುಳಿಯಕೂಡದು. ಆಕ್ಸಿಲರೇಟರ್ ಸಡಿಲಿಸಿ, ಬಾಲ ಯಾವ ಕಡೆಗೆ ಜಾರಿತೋ ಆ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು. ಗಾಡಿ ನೆಟ್ಟಗಾಗುತ್ತಿದ್ದಂತೆ ಸ್ಟಿಯರಿಂಗನ್ನೂ ನೆಟ್ಟಗೆ ತರಬೇಕು. ಕಣ್ಣು ತಗ್ಗನ್ನಲ್ಲ, ಹೋಗಬೇಕಾದ ದಾರಿಯನ್ನು ನೋಡುತ್ತಿರಬೇಕು. ಸಣ್ಣ ಗಿಯರಿನಲ್ಲಿ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟರೂ ಎಂಜಿನಿನ ತಡೆ ಹಿಂದಿನ ಗಾಲಿಗಳ ಮೇಲಷ್ಟೇ ಬಿದ್ದು, ಕೈಬ್ರೇಕು ಎಳೆದಂತಾಗುತ್ತದೆ. ಇದನ್ನು ಅರಿಯದೆ ಕೆಟ್ಟವರು ಬಹಳ.

ಹಿಮಕ್ಕೂ ಎರೆಗೂ ಇನ್ನೊಂದು ಹೋಲಿಕೆಯಿದೆ. ಎರೆಮಣ್ಣಿನ ಜೇಡಿಕಣಗಳು ಪದರುಗಳ ನಡುವೆ ನೀರು ಹೀರಿ ಉಬ್ಬುತ್ತವೆ. ದೊಡ್ಡ ಮಳೆಯಲ್ಲಿ ಗಾಲಿ ಹೂತುಹೋಗುತ್ತದೆ; ತುಂತುರಿನಲ್ಲಿ ಒಳಗೆ ಗಟ್ಟಿ ನೆಲ, ಮೇಲೆ ತೆಳ್ಳನೆಯ ಲೋಳೆ. ಜಾರು ಹೆಚ್ಚುವುದು ತುಂತುರಿನಲ್ಲೇ. ಕಡುಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನೀರೊಡೆದ ಮಂಜುಗಡ್ಡೆ ಹೆಚ್ಚು ಜಾರುವುದೂ ಹೀಗೆಯೇ.

ವ್ಯತ್ಯಾಸವೂ ಒಂದುಂಟು. ಟಯರಿನ ಸೀಳುಗಳಲ್ಲಿ ಸಿಕ್ಕ ಹಿಮ ನೆಲದ ಹಿಮವನ್ನು ಹಿಡಿಯುತ್ತದೆ. ಆದುದರಿಂದ ಚಳಿಗಾಲದ ಟಯರಿಗೆ ಸಣ್ಣ ಸೀಳುಗಳು ಅಸಂಖ್ಯ. ಎರೆ ಹಾಗಲ್ಲ. ಟಯರಿನ ಗೆರೆಗಳಲ್ಲಿ ಅದು ತುಂಬಿದರೆ ಗಾಲಿ ನುಣ್ಣನೆಯ ಉಂಡೆಯಾಗುತ್ತದೆ. ಆದ್ದರಿಂದಲೇ ಟ್ರ್ಯಾಕ್ಟರಿನ ಟಯರಿನಲ್ಲಿ ಮಣ್ಣು ತಾನಾಗಿ ಕಳಚಿ ಬೀಳುವಂತೆ ಅಗಲವಾದ ಸಂದುಗಳಿರುತ್ತವೆ. ಸ್ಪೋರ್ಟ್ಸ್ ಕಾರಿನ ಬೇಸಿಗೆಯ ಟಯರಿಗೆ ಎರಡೂ ಗುಣಗಳಿಲ್ಲ; ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಅದರ ರಬ್ಬರು ಗಡುಸಾಗಿ ಹಿಡಿತವೇ ಕುಗ್ಗುತ್ತದೆ. ಮಗನ ಮೊದಲ ತಪ್ಪು ಅಲ್ಲಿತ್ತು.

ನಮ್ಮ ಹಿರಿದಾರಿಗಳಿಗೆ ಈಗ ಡಾಂಬರಿದೆ, ಇದೆಲ್ಲ ಹಳೆಯ ಕಥೆ ಎಂದು ನೀವು ಹೇಳಬಹುದು. ಆದರೆ ತಿಕೋಟಾ ಕಡೆಯ ದ್ರಾಕ್ಷಿತೋಟಗಳಿಂದಲೂ ಬಬಲೇಶ್ವರದ ಕಬ್ಬಿನ ಗದ್ದೆಗಳಿಂದಲೂ ಹೊರಬರುವ ಟ್ರ್ಯಾಕ್ಟರುಗಳು ಗಾಲಿಗಂಟಿದ ಎರೆಯನ್ನು ಡಾಂಬರಿನ ಮೇಲೆ ಉದುರಿಸಿ ಹೋಗುತ್ತವೆ. ನಾಲ್ಕು ಹನಿ ಬಿದ್ದರೆ ಅದೇ ಲೋಳೆ. ಅಲ್ಲಿ ಬೀಳುವವರು ಹೆಚ್ಚಾಗಿ ಮೋಟಾರುಸೈಕಲ್ಲಿನವರು; ಅದೂ ಹಿಂದಿನ ಗಾಲಿ ನೂಕುವ ವಾಹನವೇ ಅಲ್ಲವೇ? ಹೊಸ ಕಾರುಗಳಲ್ಲಿ ಗಾಲಿ ಕಚ್ಚದಂತೆ, ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಸಾಧನಗಳಿವೆ. ಅವು ಇದ್ದ ಹಿಡಿತವನ್ನು ಜಾಣತನದಿಂದ ಹಂಚಿಯಾವು. ಇಲ್ಲದ ಹಿಡಿತವನ್ನು ತಂದುಕೊಡಲಾರವು.

ಹುಡುಗ ಕಾರು ಮಾರಲಿಲ್ಲ. ಚಳಿಗಾಲದ ಟಯರು ಹಾಕಿಸಿದ. ಖಾಲಿ ಬಯಲಿನಲ್ಲಿ ನಿಧಾನವಾಗಿ ಅಭ್ಯಾಸ ಮಾಡಿದ. ಜನವರಿಯಲ್ಲಿ ಮತ್ತೆ ಕರೆ ಬಂತು. ಸೇತುವೆಯ ಮೇಲೆ ಬಾಲ ಬೀಸಿತಂತೆ, ತಾನಾಗಿ ಸರಿಹೋಯಿತಂತೆ. “ಏನು ಮಾಡಿದಿ?” ಎಂದು ಕೇಳಿದೆ.

“ಅಜ್ಜ ಹೇಳಿದ್ದನಲ್ಲ ಕಾಕಾ, ಹಗ್ಗ ಜಗ್ಗಲಿಲ್ಲ” ಎಂದ.