ಒಂದೇ ವಾರದಲ್ಲಿ ಭಾಷೆ ಬದಲಿಸಿದ ಪತ್ರಿಕೆ

ಪ್ರಶ್ನೆ: ಬ್ರಿಟಿಷರ ಕಾಯ್ದೆಯಿಂದ ಪಾರಾಗಲು ಪತ್ರಿಕೆಯೊಂದು ಭಾಷೆಯನ್ನೇ ಬದಲಿಸಿತಂತೆ, ನಿಜವೇ?

ನಿಜ. ಅದು ಕಲ್ಕತ್ತೆಯ 'ಅಮೃತ ಬಜಾರ್ ಪತ್ರಿಕಾ'.

1878ರ ಮಾರ್ಚ್‌ನಲ್ಲಿ ವೈಸ್‌ರಾಯ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಕಾಯ್ದೆ ತಂದ. ಸರ್ಕಾರದ ಮೇಲೆ ಅಸಮಾಧಾನ ಹುಟ್ಟಿಸುವಂಥದ್ದೇನನ್ನೂ ಅಚ್ಚು ಹಾಕುವುದಿಲ್ಲವೆಂದು ಮುದ್ರಕರು, ಪ್ರಕಾಶಕರಿಂದ ಮ್ಯಾಜಿಸ್ಟ್ರೇಟ್ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ತಪ್ಪಿದರೆ ಅಚ್ಚುಯಂತ್ರವೇ ಜಪ್ತಿ. ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವ ದಾರಿಯೂ ಇರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಮಾತ್ರ ಇದಾವುದೂ ಅನ್ವಯಿಸುತ್ತಿರಲಿಲ್ಲ. ಕಾಯ್ದೆಯ ಅನ್ಯಾಯ ಎದ್ದು ಕಾಣುವುದೇ ಅಲ್ಲಿ.

ಅಲ್ಲಿಯವರೆಗೆ ಬಂಗಾಳಿ, ಇಂಗ್ಲಿಷ್ ಎರಡರಲ್ಲೂ ಬರುತ್ತಿದ್ದ ಪತ್ರಿಕೆಯನ್ನು ಸಂಪಾದಕ ಶಿಶಿರ್ ಕುಮಾರ್ ಘೋಷ್ ಒಂದೇ ವಾರದಲ್ಲಿ ಪೂರ್ತಿ ಇಂಗ್ಲಿಷಿಗೆ ತಿರುಗಿಸಿದರು. ಜಾಣತನವೇ ಸರಿ. ಆದರೆ ಬಂಗಾಳಿ ಮಾತ್ರ ಬಲ್ಲ ಓದುಗರು ತಮ್ಮ ಪತ್ರಿಕೆಯನ್ನು ಕಳೆದುಕೊಂಡರು. ಈ ನಷ್ಟವನ್ನೂ ನೆನೆಯಬೇಕು.

ರಿಪನ್ ವೈಸ್‌ರಾಯ್ ಆಗಿದ್ದಾಗ, 1882ರಲ್ಲಿ, ಕಾಯ್ದೆ ರದ್ದಾಯಿತು. ಪತ್ರಿಕೆ ಇಂಗ್ಲಿಷಿನಲ್ಲೇ ಮುಂದುವರಿಯಿತು.