ನೀರೂ ಒಂದು ಹೊಲ

ಹೊಂಡಕ್ಕೆ ಬಿಟ್ಟ ಮೀನುಮರಿ ಬೆಳೆಯದಿದ್ದರೆ ಮರಿಯನ್ನೇ ದೂರಬೇಡಿ. ನೀರಿನಲ್ಲಿ ಮೇವಿದೆಯೇ ನೋಡಿ. ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮ ಜೀವಿಗಳೇ ಆ ಮೇವು.

ಪ್ರೊ. ಎಚ್.ಪಿ.ಸಿ. ಶೆಟ್ಟಿಯವರು ಈ ಜೀವಿಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ. ಸಂಗಡಿಗರೊಡನೆ ಬಂಗಾಳದ ಹೂಗ್ಲಿ ಅಳಿವೆಯ ಪ್ಲಾಂಕ್ಟನ್ ಕುರಿತ ಸಂಶೋಧನೆಯನ್ನು 1961ರಲ್ಲಿ ಪ್ರಕಟಿಸಿದರು. 1969ರಲ್ಲಿ ಕೃಷಿ ವಿಶ್ವವಿದ್ಯಾಲಯವು ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜನ್ನು ತೆರೆಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಮೀನು ಸಾಕಣೆಯೂ ಬೇಸಾಯದಂತೆ ಕಲಿತು ಮಾಡುವ ವಿದ್ಯೆಯೆಂಬುದು ಅಲ್ಲಿಂದ ನಮ್ಮ ನಾಡಿನಲ್ಲಿ ಬೇರೂರಿತು.

ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನಲ್ಲಿ ಮಳೆ ಹೆಚ್ಚು. ಸುಣ್ಣದ ಅಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ಅಂಥ ನೀರಿನಲ್ಲಿ ಗೊಬ್ಬರ ಹಾಕಿದರೂ ಮೇವು ಹುಟ್ಟದು. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಸುಣ್ಣ ಹಾಕಿ. ಒಂದು ವಾರ ಬಿಟ್ಟು ಸಗಣಿ ಗೊಬ್ಬರ ಕೊಡಿ. ನೀರು ತಿಳಿಹಸಿರಾದ ಮೇಲೆ ಮರಿ ಬಿಡಿ.

ಆಮೇಲೆ ಆಗಾಗ ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ ನೋಡಿ. ಅಂಗೈ ಸ್ಪಷ್ಟವಾಗಿ ಕಂಡರೆ ಮೇವು ಸಾಲದು, ಗೊಬ್ಬರ ಕೊಡಿ. ಮೊಣಕೈ ಮುಳುಗುವ ಮೊದಲೇ ಅಂಗೈ ಮರೆಯಾದರೆ ಗೊಬ್ಬರ ನಿಲ್ಲಿಸಿ. ಮೇವು ಮಿತಿಮೀರಿದರೆ ಬೆಳಗಿನ ಜಾವ ಆಮ್ಲಜನಕ ಸಾಲದೆ ಮೀನುಗಳು ಬಾಯಿ ತೆರೆದು ಮೇಲೇಳುತ್ತವೆ, ಸಾಯಲೂಬಹುದು.

ಬೆಳಗಾವಿಯ ಪೇಟೆ ನಿಮಗೆ ಹತ್ತಿರವೇ ಇದೆ. ಮೊದಲು ನೀರನ್ನು ಬೆಳೆಸಿ. ಮೀನು ತಾನಾಗಿ ಬೆಳೆಯುತ್ತದೆ.