ಹಣ ಕೊಟ್ಟ ಮಾತ್ರಕ್ಕೆ ಸೈಟು ನಿಮ್ಮದೇ?

ಸೈಟಿನ ಹಣ ಪೂರ್ತಿ ಸಂದಿದೆ. ಬೇಲಿ ಹಾಕಿ, ಎರಡು ತೆಂಗಿನ ಸಸಿ ನೆಟ್ಟಿದ್ದೂ ಆಗಿದೆ. ಬೀರುವಿನಲ್ಲಿ ಭದ್ರವಾಗಿರುವ ಪತ್ರಗಳು ಎರಡು: ಕ್ರಯದ ಕರಾರು ಮತ್ತು ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿಪಿಎ. ಮಾರಿದವರು ತೀರಿಕೊಂಡ ಮೇಲೆ ಅವರ ಮಕ್ಕಳು ಬಂದು ‘ಇದು ನಮ್ಮಪ್ಪನ ಜಾಗ’ ಎಂದಾಗಲೇ ಕೊಂಡವರ ಕಣ್ಣು ತೆರೆಯುವುದು. ಹಣ ಕೊಟ್ಟಿದ್ದಾರೆ, ಆದರೆ ಕಾನೂನಿನ ಪ್ರಕಾರ ಸೈಟು ಕೊಂಡೇ ಇಲ್ಲ!

ಬೆಂಗಳೂರಿನ ಸುತ್ತಲಿನ ರೆವಿನ್ಯೂ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಇಂಥ ವ್ಯವಹಾರಗಳು ಹೇರಳವಾಗಿ ನಡೆದವು. ನೋಂದಣಿ ಸಿಗದ ಜಾಗವನ್ನೂ ಹೀಗೆ ಮಾರಬಹುದಿತ್ತು. ಮುದ್ರಾಂಕ ಶುಲ್ಕವೂ ಉಳಿಯುತ್ತಿತ್ತು.

1882ರ ಆಸ್ತಿ ವರ್ಗಾವಣೆ ಕಾಯಿದೆಯ 54ನೇ ಕಲಮಿನಂತೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ಕರಾರು ಎಂಬುದು ಮುಂದೆ ಮಾರುವೆನೆಂಬ ಮಾತು ಮಾತ್ರ. ಜಿಪಿಎ ಎಂದರೆ ಮಾಲೀಕನ ಪರವಾಗಿ ಕೆಲಸ ಮಾಡುವ ಅಧಿಕಾರ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. ಇವೆರಡರಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸ್ಪಷ್ಟವಾಗಿ ಹೇಳಿತು.

ಖಾತೆ ತಮ್ಮ ಹೆಸರಿಗಿದ್ದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಖಾತೆ ಇರುವುದು ಕಂದಾಯ ಯಾರು ಕಟ್ಟಬೇಕೆಂದು ಗುರುತಿಸಲು. ಅದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಇದ್ದ ಹಕ್ಕನ್ನು ಅಳಿಸುವುದೂ ಇಲ್ಲ.

ಜನ ‘ಇ.ಸಿ.’ ಎಂದೇ ಕರೆಯುವ ಋಣಭಾರ ಪತ್ರವನ್ನು ಕೊಳ್ಳುವ ಮೊದಲು ತೆಗೆಸಲೇಬೇಕು. ಹಿಂದಿನ ಮಾರಾಟ, ಅಡಮಾನ, ದಾನಪತ್ರಗಳು ಅದರಲ್ಲಿ ಸಿಗುತ್ತವೆ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಹೆಣ್ಣುಮಕ್ಕಳ ಕೇಳದೇ ಉಳಿದ ಹಕ್ಕು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂಲಪತ್ರಗಳನ್ನೂ ವಂಶವೃಕ್ಷವನ್ನೂ ವಕೀಲರಿಗೆ ತೋರಿಸುವುದು ಕ್ಷೇಮ.

ಕ್ರಯಪತ್ರಕ್ಕೆ ಸಹಿಯಾದ ಮೇಲೂ ಆಲಸ್ಯ ಸಲ್ಲದು. ನಾಲ್ಕು ತಿಂಗಳೊಳಗೆ ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಜರುಪಡಿಸಬೇಕು.

ಕರಾರಿನ ಮೇಲೆಯೇ ನಿಂತವರು ಮಾರಿದವರನ್ನು ಇಂದೇ ಹುಡುಕಿ ಕ್ರಯಪತ್ರ ಮಾಡಿಸಿಕೊಳ್ಳುವುದು ಲೇಸು. ಅವರು ಇಲ್ಲವಾಗಿದ್ದರೆ ವಾರಸುದಾರರೆಲ್ಲರೂ ಸೇರಿ ಬರೆದುಕೊಡಬಹುದು. ಒಪ್ಪದಿದ್ದರೆ ಸಿವಿಲ್ ದಾವೆಯೇ ಗತಿ. ಅದಕ್ಕೂ ಮೂರು ವರ್ಷಗಳ ವಾಯಿದೆಯಿದೆ. ಕರಾರಿನಲ್ಲಿ ಗಡುವು ಹಾಕಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ನಿರಾಕರಿಸಿದ್ದು ತಿಳಿದ ದಿನದಿಂದ ಲೆಕ್ಕ. ಮಾರಿದವರು ಒಳ್ಳೆಯವರೇ ಇರಬಹುದು. ಅವರ ಮಾತು ಅವರ ಮಕ್ಕಳ ಕಾಲಕ್ಕೂ ನಿಲ್ಲಬೇಕಾದರೆ ಅದು ನೋಂದಣಿ ಪುಸ್ತಕಕ್ಕೆ ಏರಿರಬೇಕು.